ಬಿಳಿಯ ಕಾಗದದ ಬೆಳಕು

ತುಮಕೂರಿನಿಂದ ಬೆಂಗಳೂರಿಗೆ ಹೋದಾಗಲೆಲ್ಲ ಕಸ್ತೂರಬಾ ರಸ್ತೆಯ ವೆಂಕಟಪ್ಪ ಚಿತ್ರಶಾಲೆಯನ್ನು ಹೊರಗಿನಿಂದಲೇ ನೋಡಿ ಬರುತ್ತಿದ್ದವನು ನಾನು. ಒಮ್ಮೆ ಒಳಹೊಕ್ಕೆ; ಅದೂ ಮಳೆಗೆ ಹೆದರಿ.

ಕೆ. ವೆಂಕಟಪ್ಪನವರು (1886–1965) ಬರೆದ ಉದಕಮಂಡಲದ ಮಂಜನ್ನು ಕಂಡಾಗ, 1874ರಲ್ಲಿ ಪ್ಯಾರಿಸಿನಲ್ಲಿ ನಗೆಗೀಡಾದ ಮೋನೆಯ ಸೂರ್ಯೋದಯ ನೆನಪಾಯಿತು. ಹೋಲಿಕೆ ಅಲ್ಲಿಗೇ ನಿಂತಿತು. ಮೋನೆ ಕ್ಷಣವನ್ನು ಓಡಿ ಹಿಡಿಯುತ್ತಾನೆ, ಕುಂಚದ ಅವಸರವನ್ನು ಮರೆಮಾಡುವುದಿಲ್ಲ. ನಮ್ಮವರಲ್ಲಿ ಕುಂಚದ ಗುರುತೇ ಕಾಣದು. ತೈಲವರ್ಣದಲ್ಲಿ ಬೆಳಕನ್ನು ಮೇಲೆ ಬಳಿಯಬಹುದು. ಜಲವರ್ಣದಲ್ಲಿ ಹಚ್ಚದೆ ಬಿಟ್ಟ ಕಾಗದವೇ ಬೆಳಕು. ತಪ್ಪಿದರೆ ತಿದ್ದುವುದು ಕಷ್ಟ. ಅವನೀಂದ್ರನಾಥ ಠಾಕೂರರ ಈ ಶಿಷ್ಯರ ಸಂಯಮ ಕೆಲವೆಡೆ ಅತಿಯಾಗಿ ಬೆಟ್ಟ ತಣ್ಣಗಾಗುತ್ತದೆ, ನಿಜ. ಆದರೆ ಪ್ರಕೃತಿವರ್ಣನೆಯೆಂದರೆ ವಿಶೇಷಣಗಳ ರಾಶಿಯೆಂದು ಹದಿನೈದು ವರ್ಷ ಪಾಠ ಹೇಳಿದ ನನಗೆ ಆ ಬರಿಯ ಬಿಳುಪಿನ ಮುಂದೆ ನಾಚಿಕೆಯಾಯಿತು.

ಮಳೆ ನಿಂತದ್ದು ತಿಳಿಯಲಿಲ್ಲ; ಕಾವಲಿನವನೇ ಬಂದು ಬಾಗಿಲು ಹಾಕುವ ಹೊತ್ತಾಯಿತೆಂದ.