‘ಪ್ರಾಥಮಿಕ ಮಾನಕ’ವೆಂಬ ಪರಿಭಾಷೆಯ ವಿಮರ್ಶೆ

ರಸಾಯನಶಾಸ್ತ್ರದ ಅನುಮಾಪನ ಪ್ರಕರಣದಲ್ಲಿ ‘ಪ್ರಾಥಮಿಕ ಮಾನಕ’ವೆಂಬ ಪದವು ಬಳಕೆಯಲ್ಲಿದೆ. ‘ಪ್ರಾಥಮಿಕ’ವೆಂದೊಡನೆ ಕನ್ನಡಿಗರಿಗೆ ಬಾಲಪಾಠವೇ ತೋರುವುದರಿಂದ ಇಲ್ಲಿ ಅರ್ಥವು ಕೆಡುತ್ತದೆ.

ಸೋಡಿಯಂ ಹೈಡ್ರಾಕ್ಸೈಡು ಗಾಳಿಯ ತೇವವನ್ನೂ ಇಂಗಾಲದ ಡೈಆಕ್ಸೈಡನ್ನೂ ಹೀರುವುದು; ತೂಗಿದ ಮಾತ್ರದಿಂದ ಅದರ ದ್ರಾವಣದ ಸಾರತೆಯು ನಿಶ್ಚಯವಾಗದು. ಪೊಟ್ಯಾಸಿಯಂ ಹೈಡ್ರೊಜನ್ ಥ್ಯಾಲೇಟಾದರೋ ಶುದ್ಧವಾಗಿ ದೊರೆಯುವುದು, ಗಾಳಿಯಲ್ಲಿ ಕೆಡದು, ಆ ಕ್ಷಾರದೊಡನೆ ಮೋಲಿಗೆ ಮೋಲಿನಂತೆ ಪೂರ್ಣವಾಗಿ ವರ್ತಿಸುವುದು, ಮೋಲೊಂದಕ್ಕೆ 204.22 ಗ್ರಾಂ ಇರುವುದರಿಂದ ತೂಗುವಿಕೆಯ ದೋಷವೂ ಅಲ್ಪ.

ಮೀಮಾಂಸಕರ ಮಾತಿನಲ್ಲಿ ಇದನ್ನು ಸ್ವತಃಪ್ರಮಾಣವೆಂದೂ ಕ್ಷಾರವನ್ನು ಪರತಃಪ್ರಮಾಣವೆಂದೂ ಹೇಳಬಹುದೆ? ಹೇಳಲಾಗದು, ಥ್ಯಾಲೇಟಿನ ಶುದ್ಧಿಯೂ ಅನ್ಯಪರೀಕ್ಷೆಯಿಂದಲೇ ಸಿದ್ಧವಾದುದು. ಉಳಿದ ದ್ರಾವಣಗಳ ನಿರ್ಣಯಕ್ಕೆ ಇದು ಮೂಲವೆಂಬಷ್ಟೇ ವಿವಕ್ಷಿತವಾದುದರಿಂದ ‘ಮೂಲಮಾನಕ’ವೆಂಬುದೇ ಯುಕ್ತವೆಂದು ನಮ್ಮ ಅಭಿಪ್ರಾಯ.