ತಪ್ಪು ಒಂದೇ, ಉತ್ತರ ಮೂರು
ಅಂಕಿಅಂಶದವರ ಮೆಚ್ಚಿನ ಭಾಷೆ ಆರ್. 3 ಅಂಶಗಳಿರುವ ವೆಕ್ಟರಿನಲ್ಲಿ 10ನೆಯದನ್ನು ಕೇಳಿ ನೋಡಿ: ತಕರಾರಿಲ್ಲದೆ ‘ಎನ್‌ಎ’ ಕೊಡುತ್ತೆ. ಲಿಸ್ಟಿನಲ್ಲಿ ಜೋಡಿ ಚೌಕಾವರಣ ಹಾಕಿ ಕೇಳಿದರೆ ಎರರ್. ಅದೇ ಲಿಸ್ಟಿನಲ್ಲಿ ಇಲ್ಲದ ಹೆಸರು ಕೊಟ್ಟರೆ ‘ನಲ್’. ಮೂರೂ ಕಡೆ ನಾವು ಕೇಳಿದ್ದು ಇಲ್ಲದ್ದನ್ನೇ ಅಲ್ವಾ?

ಡೇಟಾಫ್ರೇಮಿನದು ಇನ್ನೊಂದು ಕತೆ. ಅಲ್ಪವಿರಾಮ ಹಾಕಿ ಎರಡು ಕಾಲಂ ಕೇಳಿದರೆ ಡೇಟಾಫ್ರೇಮೇ ಬರುತ್ತೆ. ಒಂದೇ ಕೇಳಿದರೆ ಬರೀ ವೆಕ್ಟರ್. ಕೂತು ಟೈಪ್ ಮಾಡೋವಾಗ ಇದು ಅನುಕೂಲವೇ, ಒಪ್ಪೋಣ. ಆದರೆ ಎಷ್ಟು ಕಾಲಂ ಬರುತ್ತೆ ಅಂತ ಮೊದಲೇ ಗೊತ್ತಿಲ್ಲದೆ ಪ್ರೋಗ್ರಾಂ ಬರೆಯೋರ ಗತಿ? ‘ಡ್ರಾಪ್ = ಫಾಲ್ಸ್’ ಅಂತ ಸೇರಿಸಿದರೆ ಸರಿಹೋಗುತ್ತೆ ನಿಜ; ಅದು ನೆನಪಾಗೋದು ಮಾತ್ರ ಪೆಟ್ಟು ತಿಂದ ಮೇಲೆ.

ಎರರ್ ಬೈದರೂ ತಪ್ಪಿನ ಜಾಗ ತೋರಿಸುತ್ತೆ. ಸದ್ದಿಲ್ಲದೆ ಆಕಾರ ಬದಲಿಸೋ ಭಾಷೆ ತಪ್ಪನ್ನು ಮುಂದಿನ ಸಾಲುಗಳಿಗೆ ದಾಟಿಸಿಬಿಡುತ್ತೆ.