ಏನೂ ನಡೆಯದ ಮೂರು ತಿಂಗಳು

ಸ್ವೀಡನ್ನಿನ ಪತ್ತೇದಾರಿ ಕಾದಂಬರಿಗಳನ್ನು ಎಲ್ಲಿಂದ ಶುರು ಮಾಡಲಿ ಎಂದು ಕೇಳುವವರಿಗೆ ನಾನು ಸ್ಟೀಗ್ ಲಾರ್ಶನ್ ಹೆಸರು ಹೇಳುವುದಿಲ್ಲ. ಅವರ ಪುಸ್ತಕ ಹೇಗೂ ನಿಮ್ಮ ಕೈಗೆ ಬಂದೇ ಬರುತ್ತದೆ. ಮೊದಲು 1965ರ 'ರೋಸೆಆನ್ನಾ' ಹಿಡಿಯಿರಿ ಎನ್ನುತ್ತೇನೆ. ಬರೆದವರು ಮಾಯ್ ಶೋವಾಲ್ ಮತ್ತು ಪೇರ್ ವಾಲೋ. ಇಬ್ಬರೂ ಪತ್ರಕರ್ತರು, ಬಾಳಸಂಗಾತಿಗಳು. ರಾತ್ರಿ ಮಕ್ಕಳು ಮಲಗಿದ ಮೇಲೆ ಕೂತು ಆಕೆಯದೊಂದು ಅಧ್ಯಾಯ, ಈತನದೊಂದು ಅಧ್ಯಾಯ ಎಂದು ಬರೆದರು. ಯಾವುದು ಯಾರದೆಂದು ಹುಡುಕಲು ಹೋಗಬೇಡಿ, ಸಿಗುವುದಿಲ್ಲ.

ಜುಲೈ ತಿಂಗಳು. ಮೂತಾಲಾ ಊರಿನ ಹತ್ತಿರ ಗೋಟಾ ಕಾಲುವೆಯಲ್ಲಿ ಹೂಳೆತ್ತುವ ಯಂತ್ರದ ಬಕೆಟ್ಟಿನಲ್ಲಿ ಕೆಸರಿನ ಜೊತೆ ಹೆಣ್ಣೊಬ್ಬಳ ಹೆಣ ಬರುತ್ತದೆ. ಮೈಮೇಲೆ ಬಟ್ಟೆಯಿಲ್ಲ, ಗುರುತಿಲ್ಲ. ಕೊಂದವರು ಯಾರೆಂಬುದು ಹಾಗಿರಲಿ, ಸತ್ತವಳು ಯಾರೆಂಬುದೇ ತಿಳಿಯದು. ಸ್ಟಾಕ್‌ಹೋಮ್‌ನಿಂದ ಮಾರ್ಟಿನ್ ಬೆಕ್ ಬರುತ್ತಾನೆ. ಸದಾ ಹೊಟ್ಟೆ ಸರಿಯಿಲ್ಲ, ನೆಗಡಿ ಬಿಡದು, ಹೆಂಡತಿಯ ಜೊತೆ ಮಾತು ಕಡಿಮೆ. ಬಂದವನು ಕಾಯುತ್ತಾನೆ. ಅಮೆರಿಕದ ಲಿಂಕನ್ ನಗರದ ಪೊಲೀಸರಿಂದ ಹೆಸರು ಸಿಗುವ ಹೊತ್ತಿಗೆ ಮೂರು ತಿಂಗಳು ಕಳೆದಿರುತ್ತದೆ. ನರಸಿಂಹಯ್ಯನವರ ಪತ್ತೇದಾರ ಪುರುಷೋತ್ತಮನನ್ನು ಓದಿ ಬೆಳೆದ ನಮ್ಮಲ್ಲಿ ಕೆಲವರು ಇಲ್ಲೇ ಪುಸ್ತಕ ಮಡಚಿಟ್ಟಾರು. ಮಡಚಬೇಡಿ.

ಈ ಕಾಯುವಿಕೆಯಲ್ಲೇ ಕಾದಂಬರಿಯ ಬಿಗಿ ಇರುವುದು. ಅವಳು ಪ್ರವಾಸಿಗರ ಹಡಗಿನಲ್ಲಿ ಬಂದವಳು. ಸಹಪ್ರಯಾಣಿಕರೋ ಊರೂರಿಗೆ, ದೇಶದೇಶಕ್ಕೆ ಚದುರಿಹೋಗಿದ್ದಾರೆ. ಪೊಲೀಸರು ಒಬ್ಬೊಬ್ಬರನ್ನೂ ಪತ್ತೆಹಚ್ಚಿ, ರಜೆಯಲ್ಲಿ ತೆಗೆದ ಫೋಟೋ, ಪುಟ್ಟ ಚಲನಚಿತ್ರದ ರೀಲುಗಳನ್ನು ತರಿಸಿಕೊಳ್ಳುತ್ತಾರೆ. ಯಾರದೋ ಸಂಸಾರ, ಯಾರದೋ ನಗು, ಕಾಲುವೆಯ ನೀರು, ಮತ್ತೆ ಅದೇ ನೀರು. ಅವುಗಳ ನಡುವೆ, ಕ್ಯಾಮೆರಾ ಹಿಡಿದವನ ಗಮನಕ್ಕೇ ಬಾರದಂತೆ, ರೋಸೆಆನ್ನಾ ನಿಂತಿದ್ದಾಳೆ. ಅಲ್ಲಿಯವರೆಗೆ ಹೆಣವಾಗಿದ್ದವಳು ಕೂದಲು ಸರಿಮಾಡಿಕೊಳ್ಳಬಲ್ಲ ಹೆಂಗಸಾಗುತ್ತಾಳೆ. ನನಗೆ ಮೈ ಜುಮ್ಮೆಂದದ್ದು ಇಲ್ಲಿ. ಒಂದು ಗುಂಡೂ ಹಾರಿಲ್ಲ, ಯಾರೂ ಓಡಿಲ್ಲ.

ವಿಚಾರಣೆಯ ಭಾಗಗಳನ್ನು ಇವರು ಟೇಪಿನಿಂದ ಇಳಿಸಿಕೊಂಡಂತೆ ಬರೀ ಪ್ರಶ್ನೆ, ಬರೀ ಉತ್ತರವಾಗಿ ಕೊಡುತ್ತಾರೆ. ಹಣೆಯ ಬೆವರು, ನಡುಗುವ ಕೈ ಯಾವುದೂ ಇಲ್ಲ. ಸುಳ್ಳೆಲ್ಲಿದೆ ಎಂದು ಓದುಗನೇ ಕಿವಿಗೊಟ್ಟು ಕೇಳಬೇಕು. ಕೊನೆಯ ಭಾಗದಲ್ಲಂತೂ ಆಸಾಮಿ ಯಾರೆಂದು ಪೊಲೀಸರಿಗೆ ಗೊತ್ತು, ನಮಗೂ ಗೊತ್ತು. ಆದರೆ ಸಾಕ್ಷಿಯಿಲ್ಲ. ಬಲೆ ಒಡ್ಡಿ ಕೂರುವ ಆ ದಿನಗಳನ್ನು ನಾನಿಲ್ಲಿ ವಿವರಿಸುವುದಿಲ್ಲ. ಮರುದಿನ ಬೆಳಿಗ್ಗೆ ಬೇಗ ಏಳಬೇಕಾದ ರಾತ್ರಿ ಆ ಪುಟಗಳಿಗೆ ಕೈ ಹಾಕದಿರುವುದು ಒಳ್ಳೆಯದು.

ತಲಾ ಮೂವತ್ತು ಅಧ್ಯಾಯಗಳ ಹತ್ತು ಕಾದಂಬರಿಗಳು, ಎಲ್ಲವೂ ಸೇರಿ ಒಂದೇ ಕಥೆ ಎಂಬುದು ಈ ಜೋಡಿಯ ಯೋಜನೆ. ಎಡಪಂಥೀಯರಾದ ಅವರ ದೃಷ್ಟಿಯಲ್ಲಿ ಆ ಹತ್ತರಲ್ಲೂ ನಿಜವಾದ ಆರೋಪಿ ಸ್ವೀಡನ್ನಿನ ಕಲ್ಯಾಣ ರಾಜ್ಯ. ಕಡೆಕಡೆಯ ಪುಸ್ತಕಗಳಲ್ಲಿ ಈ ಆರೋಪಪಟ್ಟಿ ಭಾಷಣಕ್ಕೆ ತಿರುಗಿ ಕಥೆಯ ಕಾಲು ತೊಡರಿಸುತ್ತದೆ. 'ರೋಸೆಆನ್ನಾ'ದಲ್ಲಿ ಆ ಕಾಟವಿಲ್ಲ. 1975ರಲ್ಲಿ ವಾಲೋ ತೀರಿಕೊಂಡರು. ಹತ್ತನೆಯದು ಬಂದದ್ದೂ ಅದೇ ವರ್ಷ.

ಮುಂದೆ ಯಾವುದು? ಬುಡಾಪೆಸ್ಟ್‌ಗೆ ಹೋಗುವ ಎರಡನೆಯದನ್ನು ಸದ್ಯಕ್ಕೆ ಬಿಟ್ಟರೂ ನಡೆದೀತು. ಮಳೆ ಸುರಿಯುವ ರಾತ್ರಿ ಸ್ಟಾಕ್‌ಹೋಮ್‌ನ ಬಸ್ಸೊಂದರಲ್ಲಿ ಪ್ರಯಾಣಿಕರೆಲ್ಲ ಗುಂಡಿಗೆ ಬಲಿಯಾಗುವ ನಾಲ್ಕನೆಯದು, 'ದಿ ಲಾಫಿಂಗ್ ಪೊಲೀಸ್‌ಮನ್', 1971ರಲ್ಲಿ ಅಮೆರಿಕದ ಎಡ್ಗರ್ ಪ್ರಶಸ್ತಿ ಗೆದ್ದದ್ದು. ಹಿಂಬದಿಯ ಹೊದಿಕೆಯಲ್ಲಿ ಅಚ್ಚಾದ ಸಾರಾಂಶವನ್ನು ಮಾತ್ರ ಮೊದಲೇ ಓದಬೇಡಿ.